ಗಾಳಿ ಸ್ನಾನ

ಗೆರೆಯಣ್ಣನನ್ನು ಕಲ್ಲು ಕೊಯ್ಯುವ ಶೆಡ್ಡಿನಿಂದ ಎಬ್ಬಿಸಿ ಮುಂದಿನ ಕೋಣೆಯ ಮೆತ್ತನೆ ಕುರ್ಚಿಯಲ್ಲಿ ಕೂರಿಸಿದಾಗ ಎಲ್ಲರೂ ಅವನ ಅದೃಷ್ಟವನ್ನೇ ಹೊಗಳಿದರು. ತಲೆಯ ಮೇಲೆ ಫ್ಯಾನು, ಕಾಲ ಕೆಳಗೆ ಜಮಖಾನೆ, ಕೇಳಿದಾಗ ಚಹಾ. ಅಡುಗೆಮನೆಯ ಕಟ್ಟೆಗೆ ಕಲ್ಲು ಆರಿಸಲು ಬಂದ ಗಂಡ ಹೆಂಡಿರ ಮುಂದೆ ಅಂಗೈಯಗಲದ ತುಂಡುಗಳನ್ನು ಹರಡಿ, ಅವರ ಜಗಳ ಮುಗಿಯುವ ತನಕ ನಗುಮುಖ ಮಾಡಿಕೊಂಡು ಕೂರುವುದೇ ಅವನ ಈಗಿನ ಕೆಲಸ. ಗಂಡನಿಗೆ ಕಪ್ಪು ಬೇಕು, ಹೆಂಡತಿಗೆ ಬಿಳಿ ಬೇಕು. ಕೊನೆಗೆ ಹೋಗುವುದು ಬಿಳಿಯೇ ಎಂದು ಗೊತ್ತಿದ್ದರೂ ಗೆರೆಯಣ್ಣ ತುಟಿ ಬಿಚ್ಚುತ್ತಿರಲಿಲ್ಲ. ಇಷ್ಟಕ್ಕೆ ಸಂಬಳ ಕೊಡುವ ಮಾಲೀಕ ಸಿಕ್ಕಿದ್ದು ಪುಣ್ಯ ಎಂದಳು ಅವನ ಹೆಂಡತಿ. ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ.

ಆದರೆ ಆ ಕುರ್ಚಿ ಅವನಿಗೆ ಮುಳ್ಳಾಗಿತ್ತು. ಬೆನ್ನ ಹಿಂದೆ ಒಂದು ಗೋಡೆ, ಗೋಡೆಯಾಚೆ ಶೆಡ್ಡು. ಯಾವ ಮಷೀನಿನಲ್ಲಿ ಯಾವ ಕಲ್ಲು ಓಡುತ್ತಿದೆ, ಯಾರ ಕೈ ಅವಸರ ಮಾಡುತ್ತಿದೆ ಎಂದು ಕೂತಲ್ಲೇ ತಿಳಿಯುತ್ತಿತ್ತು. ಪೆನ್ಸಿಲಿನಲ್ಲಿ ಎಳೆದ ಗೆರೆಯನ್ನು ಬ್ಲೇಡು ಕೂದಲೆಳೆಯಷ್ಟೂ ದಾಟದಂತೆ ಕೊಯ್ಯುತ್ತಿದ್ದುದಕ್ಕೇ ಅವನಿಗೆ ಆ ಹೆಸರು ಬಂದದ್ದು. ಮನೆಯಲ್ಲೂ ಹೆಂಡತಿ ಹಾಕಿದ ಗೆರೆ ದಾಟುವವನಲ್ಲ ಎಂದು ಶೆಡ್ಡಿನವರು ಮೇಲೊಂದು ಮಾತು ಸೇರಿಸುತ್ತಿದ್ದರು, ಅದೂ ನಿಜವೇ.

ಆದದ್ದು ಇಷ್ಟು. ಮೊದಲು ಮೆಟ್ಟಿಲು ಹತ್ತುವಾಗ ಏದುಸಿರು ಬಂತು. ವಯಸ್ಸು ಎಂದುಕೊಂಡ. ಆಮೇಲೆ ಮೆಟ್ಟಿಲಿಲ್ಲದ ಕಡೆಯೂ ಬಂತು. ಎದೆಯ ಫೋಟೊ ತೆಗೆಸಿ ನೋಡಿದ ಡಾಕ್ಟರು, ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಗಾಯ ಮಾಡಿದೆ, ಆ ಗಾಯ ಮಾಯುವಂಥದ್ದಲ್ಲ, ಇನ್ನು ಮುಂದೆ ಧೂಳಿನ ಹತ್ತಿರ ಸುಳಿಯದಿದ್ದರೆ ಉಳಿದದ್ದನ್ನು ಕಾಪಾಡಿಕೊಳ್ಳುವ ಆಸೆ ಇಟ್ಟುಕೊಳ್ಳಬಹುದು ಎಂದರು. ಈಗಿನ ಕಟ್ಟೆಕಲ್ಲು ಬೆಟ್ಟದಿಂದ ಸೀಳಿ ತಂದದ್ದಲ್ಲ, ಕಲ್ಲಿನ ಪುಡಿಗೆ ಅಂಟು ಕಲಸಿ ಒತ್ತಿ ಮಾಡಿದ್ದು. ಅದರ ಧೂಳು ಹಿಟ್ಟಿಗಿಂತ ನಯ, ಮಾಡುವ ಕೆಲಸ ಮಾತ್ರ ನಯವಾದದ್ದಲ್ಲ.

ಯಾರಿಗೂ ಅರ್ಥವಾಗದ ಸಂಗತಿಯೆಂದರೆ ಅದು ಗೆರೆಯಣ್ಣನಿಗೆ ಹೇಗೆ ಬಂತು ಎನ್ನುವುದು. ಶೆಡ್ಡಿನಲ್ಲಿ ಬ್ಲೇಡಿನ ಮೇಲೆ ಸದಾ ನೀರು ಹರಿಯುತ್ತಿತ್ತು. ಧೂಳೆಳೆಯುವ ದೊಡ್ಡ ಫ್ಯಾನಿತ್ತು. ಮಾಸ್ಕನ್ನು ಅವನು ಹಾಕಿಕೊಂಡಂತೆ ಇನ್ನಾರೂ ಹಾಕಿಕೊಳ್ಳುತ್ತಿರಲಿಲ್ಲ. ಗಡ್ಡವಿದ್ದರೆ ಅಂಚಿನಲ್ಲಿ ಗಾಳಿ ನುಗ್ಗುತ್ತದೆಂದು ದಿನಾ ಬೆಳಿಗ್ಗೆ ನುಣ್ಣಗೆ ಹೆರೆದುಕೊಂಡು ಬರುತ್ತಿದ್ದ. ಕ್ರೇನು ನಡೆಸುವ ಡೊಳ್ಳಣ್ಣ ಗಡ್ಡ ಬಿಟ್ಟು, ಮಾಸ್ಕನ್ನು ಕುತ್ತಿಗೆಗೆ ಹೂಮಾಲೆಯ ಹಾಗೆ ಇಳಿಬಿಟ್ಟುಕೊಂಡು ಓಡಾಡುವವನು. ಅವನ ಫೋಟೊದಲ್ಲಿ ಏನೂ ಇರಲಿಲ್ಲ. ಪಾಪಿ ಚಿರಾಯು ಅಂತ ದೊಡ್ಡವರು ಸುಮ್ಮನೆ ಹೇಳಲಿಲ್ಲ ಎಂದು ಅವನೇ ತನ್ನ ಹೊಟ್ಟೆ ಸವರಿಕೊಂಡು ಹೇಳಿದ.

ಈ ಪ್ರಶ್ನೆ ಹೆಚ್ಚು ಚುಚ್ಚಿದ್ದು ಗೆರೆಯಣ್ಣನ ಹೆಂಡತಿಯನ್ನು. ಅವಳಿಗಿದ್ದವನು ಒಬ್ಬನೇ ತಮ್ಮ. ಅವನನ್ನು ಶೆಡ್ಡಿಗೆ ಸೇರಿಸಿ, ಬ್ಲೇಡು ಹಿಡಿಯುವುದನ್ನು ಕಲಿಸಿ, ಈಗ ತನ್ನದೇ ಮಷೀನನ್ನು ಬಿಟ್ಟುಕೊಟ್ಟವನು ಗೆರೆಯಣ್ಣ. ಬೇರೆ ಕೆಲಸ ನೋಡಿಕೋ ಎಂದು ಅವಳು ತಮ್ಮನಿಗೆ ಹೇಳಿ ನೋಡಿದಳು. ಕೈಗೆ ಬಂದ ವಿದ್ಯೆ ಬಿಟ್ಟು ಎಲ್ಲಿಗೆ ಹೋಗಲಿ ಅಕ್ಕ, ಭಾವನ ಹಣೆಬರಹ ನನಗ್ಯಾಕೆ ಬರುತ್ತದೆ ಎಂದು ಅವನು ನಕ್ಕ. ಆ ಸಂಜೆ ಅವಳು ಗಂಡನ ಎದುರಿಗೆ ಬಂದು ಕೂತಳು.

"ಅವನನ್ನ ಅಲ್ಲಿಗೆ ಕರ್ಕೊಂಡು ಹೋದೋರು ನೀವು. ನಾನು ಬೈತಿಲ್ಲ. ಆದ್ರೆ ನಿಮಗೆ ಎಲ್ಲಿಂದ ಬಂತು ಅಂತಾನೇ ಗೊತ್ತಿಲ್ದಿದ್ರೆ, ಅವನಿಗೆ ಬರ್ದೇ ಇರೋ ಹಾಗೆ ಹೇಗ್ರೀ ನೋಡ್ಕೋತೀರಿ?"

ಅಂದಿನಿಂದ ಗೋಡೆಯಾಚೆಯ ಸದ್ದುಗಳಲ್ಲಿ ಗೆರೆಯಣ್ಣ ಭಾವಮೈದನ ಮಷೀನಿನ ಸದ್ದೊಂದನ್ನೇ ಹುಡುಕಿ ಕೇಳತೊಡಗಿದ.

ಒಂದು ಸದ್ದನ್ನು ಮಾತ್ರ ಹುಡುಕಬೇಕಾಗಿರಲಿಲ್ಲ. ಸಂಜೆ ಸೈರನ್ ಕೂಗಿ ಮಷೀನುಗಳೆಲ್ಲ ನಿಂತ ಮೇಲೆ ಬುಸ್ಸೆಂದು ಗಾಳಿ ನುಗ್ಗುವ ಸದ್ದು, ಅದರ ಹಿಂದೆಯೇ ಹತ್ತು ಜನರ ನಗು. ಅದು ಗಾಳಿ ಸ್ನಾನದ ಹೊತ್ತು. ಕಂಪ್ರೆಸರಿನ ಪೈಪು ಹಿಡಿದು ಒಬ್ಬರ ಮೈಮೇಲಿನ ಧೂಳನ್ನು ಇನ್ನೊಬ್ಬರು ಊದಿ ತೆಗೆಯುವುದು. ಅದನ್ನು ಆ ಶೆಡ್ಡಿನಲ್ಲಿ ಶುರು ಮಾಡಿದವನು ಗೆರೆಯಣ್ಣನೇ. ಮಗಳು ಚಿಕ್ಕವಳಿದ್ದಾಗ ಅವನು ಬಂದ ಕೂಡಲೇ ಓಡಿಬಂದು ಕಾಲಿಗೆ ತೆಕ್ಕೆಬೀಳುತ್ತಿದ್ದಳು, ಧೂಳಿನ ಮೈಯಲ್ಲಿ ಅವಳನ್ನು ಎತ್ತಿಕೊಳ್ಳಲು ಅವನಿಗೆ ಮನಸ್ಸಾಗುತ್ತಿರಲಿಲ್ಲ. ಹಾಗಾಗಿ ಒಂದು ಸಂಜೆ ಪೈಪನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಬೆನ್ನು ಎಟುಕಲಿಲ್ಲ, ಡೊಳ್ಳಣ್ಣನನ್ನು ಕರೆದ. ಕಲ್ಲಿನ ಕೆಲಸಕ್ಕೆ ಹೋಗಿ ಆಫೀಸಿನವರ ಹಾಗೆ ಬರುತ್ತಾರೆ ಎಂದು ಹೆಂಡತಿ ನೆರೆಹೊರೆಯಲ್ಲೆಲ್ಲ ಹೇಳಿಕೊಂಡು ಬಂದಳು. ಮಗಳು ಬೆಳೆದು ಗಂಡನ ಮನೆಗೆ ಹೋದರೂ ಗಾಳಿ ಸ್ನಾನ ಉಳಿಯಿತು.

ಉಳಿಯದೆ ಏನು. ದಿನವಿಡೀ ಮಷೀನಿನ ಕೂಗಿನಲ್ಲಿ, ಮೂಗುಬಾಯಿ ಕಟ್ಟಿಕೊಂಡು, ಸನ್ನೆಯಲ್ಲೇ ಮಾತಾಡಿದ ಜನ. ಸೈರನ್ ಆದೊಡನೆ ಮಾಸ್ಕು ಕಳಚಿದರೆ ಆಗ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿತ್ತು. ಭುಜ ಹಿಡಿದು ತಿರುಗಿಸುವುದು, ಬೆನ್ನಿಗೆ ಗುದ್ದಿ ಧೂಳೆಬ್ಬಿಸುವುದು, ಕಂಕುಳಿಗೆ ಗಾಳಿ ಬಿಟ್ಟು ಕುಣಿಸುವುದು. ಡೊಳ್ಳಣ್ಣನ ಸರದಿ ಬಂದಾಗ ಇವನ ವಿಸ್ತೀರ್ಣಕ್ಕೆ ಇನ್ನೊಂದು ಕಂಪ್ರೆಸರ್ ತರಿಸಬೇಕೆಂದು ಯಾರಾದರೂ ಹೇಳಲೇಬೇಕು, ಹೇಳಿದ ಮಾತೇ ಆದರೂ ಎಲ್ಲರೂ ನಗಲೇಬೇಕು. ಮನೆಯಲ್ಲಿ ಹೇಳಲಾಗದ್ದನ್ನೂ ಅಲ್ಲಿ ಹೇಳಿಕೊಳ್ಳುತ್ತಿದ್ದರು. ತಂದೆ ತೀರಿಕೊಂಡ ವಾರ ಗೆರೆಯಣ್ಣ ಅತ್ತದ್ದು ಆ ಪೈಪಿನ ಕೆಳಗೇ. ಯಾರೂ ಏನೂ ಕೇಳದೆ ಅವನ ಬೆನ್ನಿಗೆ ಸ್ವಲ್ಪ ಹೆಚ್ಚು ಹೊತ್ತು ಗಾಳಿ ಬಿಟ್ಟಿದ್ದರು.

ಈಗ ಅವನ ಬೆನ್ನು ಮುಟ್ಟುವವರು ಡಾಕ್ಟರೊಬ್ಬರೇ, ಅದೂ ತಣ್ಣನೆಯ ಕೊಳವೆಯಿಂದ. ಬ್ಲೇಡು ಹಿಡಿಯುವ ಆಸೆಯನ್ನಾದರೂ ಅವನು ಹೇಗೋ ನುಂಗಿಕೊಂಡಿದ್ದ. ಗಾಳಿ ಸ್ನಾನದ ಆಸೆಯನ್ನು ಮಾತ್ರ ನುಂಗಲಾಗುತ್ತಿರಲಿಲ್ಲ. ಸೈರನ್ ಆಗುತ್ತಲೇ ಗಿರಾಕಿಗಳಿದ್ದರೂ ಅವನ ಮಾತು ನಿಂತುಹೋಗುತ್ತಿತ್ತು, ಬಿಳಿ ಕಲ್ಲನ್ನು ಹಿಡಿದುಕೊಂಡೇ ಗೋಡೆಗೆ ತಲೆಯಾನಿಸಿ ಕೇಳುತ್ತಿದ್ದ. ಭಾವಮೈದನ ನಗು ಎಲ್ಲರದಕ್ಕಿಂತ ಜೋರು. ಕೇಳಿ ಗೆರೆಯಣ್ಣನಿಗೆ ಸಂತೋಷವೂ ಆಗುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು.

ಅಷ್ಟರಲ್ಲಿ ಧೂಳು ಅಳೆಯುವವಳು ಬಂದಳು. ಇಂಥ ಕಾಯಿಲೆ ಕಾಣಿಸಿಕೊಂಡ ಕಾರ್ಖಾನೆಗೆ ಹೋಗಿ, ಧೂಳು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡುವುದು ಅವಳ ಕೆಲಸ. ಬೆಳಿಗ್ಗೆ ಎಲ್ಲರ ಕಾಲರಿಗೂ ಪುಟ್ಟ ಪಂಪು ಸಿಕ್ಕಿಸಿ, ಅವರು ಉಸಿರಾಡುವ ಗಾಳಿಯನ್ನೇ ಸೆಳೆದು, ಸೈರನ್ ಆದಾಗ ಬಿಚ್ಚಿಕೊಂಡು ಹೋದಳು. ಧೂಳಿನ ಲೆಕ್ಕ ಎಲ್ಲ ಮಿತಿಯೊಳಗೇ ಬಂತು. ಅವಳಿಗೆ ತಲೆ ಕೆಟ್ಟಿತು. ಮತ್ತೆ ಬಂದು, ಗಿರಾಕಿಗಳ ಕುರ್ಚಿಯಲ್ಲಿ ಕೂತು, ನಿಮ್ಮ ಒಂದು ದಿನವನ್ನು ಶುರುವಿಂದ ಕೊನೆಯವರೆಗೆ ಹೇಳಿ, ಏನನ್ನೂ ಬಿಡಬೇಡಿ ಎಂದು ಗೆರೆಯಣ್ಣನನ್ನು ಕೇಳಿಕೊಂಡಳು.

ಇಷ್ಟು ದಿನದಲ್ಲಿ ಅವನ ಶೆಡ್ಡಿನ ಬಗ್ಗೆ ಯಾರೂ ಅವನನ್ನು ಕೇಳಿರಲಿಲ್ಲ. ಕಟ್ಟೆಯೊಡೆದ ನೀರಿನ ಹಾಗೆ ಅವನು ಹೇಳಿದ. ಕಲ್ಲಿಳಿಸುವುದು, ಗೆರೆ ಎಳೆಯುವುದು, ನೀರು ಬಿಡುವುದು, ಮೂಲೆ ತಿರುಗಿಸುವಾಗ ಉಸಿರು ಹಿಡಿಯುವುದು. ಸೈರನ್ನಿನ ತನಕ ಬಂದವನು ನಿಲ್ಲಿಸಲಿಲ್ಲ, ನಿಜವಾದ ಸುಖ ಇನ್ನು ಮುಂದಿದೆ ಎಂದು ಗಾಳಿ ಸ್ನಾನದ ಕಥೆಗೆ ಇಳಿದ. ಡೊಳ್ಳಣ್ಣನ ವಿಸ್ತೀರ್ಣದ ಮಾತಿಗೆ ಅವಳು ನಕ್ಕಳು. ಆಮೇಲೆ ಚಹಾದ ಲೋಟವನ್ನು ಕೆಳಗಿಟ್ಟಳು.

"ಆಗ ಮಾಸ್ಕ್?"

"ಮಾಸ್ಕ್ ಹಾಕ್ಕೊಂಡು ಯಾರಾದ್ರೂ ಸ್ನಾನ ಮಾಡ್ತಾರೇನಮ್ಮ?" ಎಂದು ಗೆರೆಯಣ್ಣ ನಕ್ಕ. ಅವಳು ನಗಲಿಲ್ಲ. ಅವನ ನಗು ಅರ್ಧಕ್ಕೇ ನಿಂತಿತು.

ಅವಳು ಮೆಲ್ಲಗೆ ತಿಳಿಸಿ ಹೇಳಿದಳು. ನೀರಿನಲ್ಲಿ ನೆನೆದ ಧೂಳು ಬಟ್ಟೆಯ ಮೇಲೆ ಬಿದ್ದು ಸಂಜೆಯೊಳಗೆ ಒಣಗುತ್ತದೆ. ಗಾಳಿ ಬಿಟ್ಟರೆ ದಪ್ಪನೆಯದು ನೆಲಕ್ಕೆ ಬೀಳುತ್ತದೆ, ಅದು ಕಣ್ಣಿಗೆ ಕಾಣುತ್ತದೆ, ಹೋಯಿತು ಅನ್ನಿಸುತ್ತದೆ. ನಯವಾದದ್ದು ಮುಖದ ಸುತ್ತ ನಿಲ್ಲುತ್ತದೆ, ಅದು ಕಾಣುವುದಿಲ್ಲ. ದಿನವಿಡೀ ನೀರು, ಫ್ಯಾನು, ಮಾಸ್ಕು ತಡೆದಿಟ್ಟದ್ದನ್ನು ನೀವು ಬರಿ ಬಾಯಲ್ಲಿ, ನಗುತ್ತ, ಒಟ್ಟಿಗೇ ಕುಡಿದಿದ್ದೀರಿ. ಎಲ್ಲರದ್ದೂ ಮುಗಿಯುವ ತನಕ ಪೈಪು ಹಿಡಿದು ನಿಂತಿರುತ್ತಿದ್ದವರು ಯಾರು ಎಂದು ಅವಳು ಕೇಳಿದಳು. ಗೆರೆಯಣ್ಣ ತಾನೇ ಎಂದ. ಡೊಳ್ಳಣ್ಣನೋ, ತನ್ನದಾದ ಕೂಡಲೇ ಬಸ್ಸು ತಪ್ಪುತ್ತದೆಂದು ಓಡುವವನು. ಪಂಪನ್ನು ತಾನು ಸೈರನ್ನಿಗೇ ಬಿಚ್ಚಿಸಿದೆನಲ್ಲ ಎಂದು ಅವಳೂ ಹಣೆ ಚಚ್ಚಿಕೊಂಡಳು. ದೀಪದ ಬುಡದಲ್ಲೇ ಕತ್ತಲೆ. ಗೆರೆಯಣ್ಣನಿಗೆ ಅವಳ ಮಾತು ಮುಂದೆ ಕಿವಿಗೆ ಬೀಳಲಿಲ್ಲ. ಬದುಕಿನಲ್ಲಿ ಯಾವುದನ್ನು ಮರಳಿ ಕೊಟ್ಟರೆ ಸಾಕು ಎಂದು ಅವನು ಬೇಡುತ್ತಿದ್ದನೋ ಅದೇ ಅವನನ್ನು ತಿಂದಿತ್ತು, ಮತ್ತು ಅದನ್ನು ಭಾವಮೈದನಿಗೆ ಕಲಿಸಿದವನು ಅವನೇ.

ಮಾರನೆಯ ದಿನವೇ ಮಾಲೀಕ ಗಾಳಿ ಬಿಟ್ಟುಕೊಳ್ಳಬಾರದೆಂದು ಕಂಬಕ್ಕೆ ಬೋರ್ಡು ಹೊಡೆಸಿದ. ಬೋರ್ಡಿನ ಮೊಳೆ ಸ್ವಲ್ಪ ಮುಂದೆ ಬಂದಿತ್ತು, ಡೊಳ್ಳಣ್ಣ ಅದಕ್ಕೆ ತನ್ನ ಅಂಗಿ ನೇತುಹಾಕತೊಡಗಿದ. ಮಷೀನಿನ ಧೂಳು ಊದಲು ಪೈಪು ಬೇಕೇ ಬೇಕಿತ್ತು, ಮಾಲೀಕನ ಕಾರು ಗೇಟು ದಾಟಿದ ಮೇಲೆ ಬುಸ್ಸೆನ್ನುವ ಸದ್ದು ಮತ್ತೆ ಕೇಳಿತು. ಗೆರೆಯಣ್ಣ ಚಹಾದ ಹೊತ್ತಿನಲ್ಲಿ ಅಂಗಳಕ್ಕೆ ಹೋಗಿ ಒಬ್ಬೊಬ್ಬರನ್ನೇ ಹಿಡಿದು ಹೇಳಿದ. ದಿನವಿಡೀ ಕಲ್ಲು ಕೊಯ್ದು ಬದುಕಿದವರನ್ನು ಎರಡು ನಿಮಿಷದ ಗಾಳಿ ಕೊಲ್ಲುತ್ತದಾ ಎಂದು ಅವರು ಮೂಗು ಮುರಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೆ ಭಾವಮೈದನ ತೋಳು ಹಿಡಿದ. ಅವನು ತೋಳು ಬಿಡಿಸಿಕೊಳ್ಳಲಿಲ್ಲ, ಕಣ್ಣು ಮಾತ್ರ ಬೇರೆ ಕಡೆ ತಿರುಗಿಸಿದ.

"ಬೇಜಾರು ಮಾಡ್ಕೋಬೇಡಿ ಭಾವ. ಎಲ್ಲರೂ ಹಿಂದೆ ಆಡ್ಕೋತಿದ್ದಾರೆ, ನಾನು ಮುಂದೆ ಹೇಳ್ತಿದ್ದೀನಿ. ನಿಮಗೆ ಸಿಗ್ತಿಲ್ಲ ಅಂತ ನಮಗೂ ಬೇಡ ಅಂತಿದ್ದೀರಿ."

ಸುಳ್ಳಾಗಿದ್ದರೆ ಗೆರೆಯಣ್ಣ ಬೈಯಬಹುದಿತ್ತು. ಮನೆಗೆ ಹೋಗಿ ಊಟ ಬೇಡವೆಂದು ಗೋಡೆಯ ಕಡೆ ತಿರುಗಿ ಮಲಗಿದ. ಹೆಂಡತಿ ಕೆದಕಿ ಕೆದಕಿ ವಿಷಯ ಹೊರಡಿಸಿದಳು. ಗಾಳಿ ಸ್ನಾನದಿಂದಲೇ ಎಂದು ತಿಳಿದಾಗ, ಅಕ್ಕಪಕ್ಕದವರಿಗೆ ತಾನು ಹೆಮ್ಮೆಪಟ್ಟು ಹೇಳಿಕೊಂಡದ್ದೆಲ್ಲ ನೆನಪಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು, ಅವನು ಹೇಳಿದ್ದು ನಿಜವೇ ಆಗಿದ್ದರೂ ಇರಲಿ, ನಿಮಗೆ ಹೊಟ್ಟೆಕಿಚ್ಚಿದ್ದರೂ ನನ್ನ ತಮ್ಮ ಬದುಕಬೇಕು ಎಂದಳು.

ಎರಡು ದಿನ ಬಿಟ್ಟು, ಸೈರನ್ ಆಗುವ ಹೊತ್ತಿಗೆ ಗೆರೆಯಣ್ಣ ತನ್ನ ಹಳೆಯ ಮಾಸ್ಕಿಗೆ ಹೊಸ ಫಿಲ್ಟರು ಹಾಕಿ, ಮುಖಕ್ಕೆ ಬಿಗಿದುಕೊಂಡು ಶೆಡ್ಡಿನ ಬಾಗಿಲಿಗೆ ಬಂದು ನಿಂತ. ಒಳಗೆ ಕಾಲಿಡಬಾರದೆಂದು ಡಾಕ್ಟರು ಹೇಳಿದ್ದರು, ಹೊಸ್ತಿಲ ಬಗ್ಗೆ ಅವರು ಏನೂ ಹೇಳಿರಲಿಲ್ಲ. ಅವನನ್ನು ಕಂಡು ಎಲ್ಲರೂ ಕೂಗು ಹಾಕಿದರು. ಸ್ನಾನಕ್ಕೆ ಮಾಸ್ಕು ಹಾಕಿಕೊಂಡು ಬಂದ ಮದುಮಗನನ್ನು ನೋಡ್ರೋ ಎಂದ ಡೊಳ್ಳಣ್ಣ. ಆಮೇಲೆ ದನಿ ಇಳಿಸಿ, ಬಾ ಒಂದು ಸರ್ತಿ ಊದ್ತೀನಿ, ಯಾರಿಗೂ ಹೇಳಲ್ಲ ಎಂದು ಕೈ ಚಾಚಿದ. ಅವನು ತಮಾಷೆಗೆ ಕರೆಯುತ್ತಿರಲಿಲ್ಲ.

ಗೆರೆಯಣ್ಣ ಆ ಕೈಯನ್ನೇ ನೋಡಿದ. ನಾಲ್ಕು ಹೆಜ್ಜೆ ಮುಂದಿಟ್ಟರೆ ಸಾಕು, ಬೆನ್ನ ಮೇಲೆ ಆ ಗುದ್ದು, ಕಿವಿಯ ಹತ್ತಿರ ಆ ಗಾಳಿ. ಹೋದದ್ದು ಹೋಗಿಯೇ ಇದೆ, ಒಂದು ಸಂಜೆಯಿಂದ ಇನ್ನೇನು ಕೆಡುತ್ತದೆ ಎಂದು ಅವನ ಮನಸ್ಸು ಅವನನ್ನೇ ಕೇಳಿತು. ಅವನು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ.

ಅವನು ಕೇಳಿದ್ದು ಎರಡೇ. ಟ್ಯೂಬ್‌ಲೈಟು ಆರಿಸಿ, ಬಿಸಿಲು ಬೀಳುವ ಕಡೆಯ ಶಟರನ್ನು ಸೊಂಟದ ಮಟ್ಟಕ್ಕೆ ಎತ್ತಿ. ಆಮೇಲೆ ದಿನಾ ಮಾಡುವ ಹಾಗೇ ಮಾಡಿ. ನಯವಾದ ಧೂಳನ್ನು ನೋಡಬೇಕಾದರೆ ಕತ್ತಲೆಯಲ್ಲಿ ನಿಂತು ಬೆಳಕಿಗೆ ಎದುರಾಗಿ ನೋಡಬೇಕೆಂದು ಧೂಳು ಅಳೆಯುವವಳು ಅವನಿಗೆ ಹೇಳಿಕೊಟ್ಟಿದ್ದಳು. ಮುದುಕನ ಆಸೆಯೆಂದು ಅವರು ಹಾಗೇ ಮಾಡಿದರು. ಸಂಜೆಯ ಬಿಸಿಲು ಹಲಗೆಯ ಹಾಗೆ ಒಳಗೆ ಚಾಚಿಕೊಂಡಿತು. ಭಾವಮೈದ ನಗುತ್ತ ಅದರ ನಡುವೆ ಮಂಡಿಯೂರಿ ಕೂತ, ಡೊಳ್ಳಣ್ಣ ಅವನ ಬೆನ್ನಿಗೆ ಪೈಪು ಹಿಡಿದ.

ಮೊದಲು ನಕ್ಕವರು ನೋಡನೋಡುತ್ತ ಸುಮ್ಮನಾದರು. ಬಿಸಿಲಿನಲ್ಲಿ ಭಾವಮೈದನ ತಲೆ ಕಾಣದಷ್ಟು ಮಿನುಗುವ ಹೊಗೆ ಎದ್ದಿತ್ತು. ಹೊಗೆಯಾದರೆ ಮೇಲೆ ಹೋಗುತ್ತದೆ, ಇದು ಹೋಗಲಿಲ್ಲ. ಪೈಪು ನಿಂತ ಮೇಲೂ ಅವನ ಮುಖದ ಸುತ್ತಲೇ ತೇಲುತ್ತಿತ್ತು. ಯಾಕೆ ಸುಮ್ಮನಾದಿರಿ ಎಂದು ಅವನು ನಗುತ್ತ ಬಾಯಿ ತೆರೆದಾಗ ಆ ಮಿನುಗು ಅವನ ಬಾಯಿಯ ಕಡೆಗೆ ಹರಿದು ಒಳಗೆ ಹೋಯಿತು, ಹೋದದ್ದು ಎಲ್ಲರಿಗೂ ಕಂಡಿತು. ಅವನೊಬ್ಬನಿಗೆ ಕಾಣಲಿಲ್ಲ. ಡೊಳ್ಳಣ್ಣ ಪೈಪು ಕೆಳಗೆ ಹಾಕಿ ಅವನ ರಟ್ಟೆ ಹಿಡಿದು ಹೊರಗೆಳೆದ, ಆಮೇಲೆ ಅವನನ್ನೇ ಕತ್ತಲೆಯ ಕಡೆ ನಿಲ್ಲಿಸಿ, ಅವನು ಎದ್ದು ಬಂದ ಜಾಗವನ್ನು ತೋರಿಸಿದ. ಭಾವಮೈದ ಬಹಳ ಹೊತ್ತು ನೋಡಿದ. ಅವನ ಕೈ ತಾನಾಗಿ ಬಾಯಿಗೆ ಹೋಯಿತು.

ಗೆರೆಯಣ್ಣ ಮಾತಾಡಿದ. ಮಾಸ್ಕಿನೊಳಗಿನ ಮಾತು ಕೇಳದೆ ಎಲ್ಲರೂ ಬಾಗಿಲ ಹತ್ತಿರ ಬರಬೇಕಾಯಿತು.

"ಹೊಟ್ಟೆಕಿಚ್ಚು ಅಂದ್ಯಲ್ಲ, ಹೌದು. ನಂಗೆ ಇದು ಈಗ್ಲೂ ಬೇಕು. ಈಗ ಕರೆದಾಗ್ಲೂ ಬರಬೇಕು ಅನ್ನಿಸ್ತು. ಇಷ್ಟು ಬೇಕಾಗಿರೋನೇ ಬೇಡ ಅಂತಿದ್ದೀನಿ ಅಂದ್ರೆ, ನೀವೇ ಯೋಚ್ನೆ ಮಾಡಿ."

ಡೊಳ್ಳಣ್ಣ ಹೋಗಿ ಕಂಪ್ರೆಸರು ಆರಿಸಿದ. ಮೊಳೆಯ ಮೇಲಿನ ತನ್ನ ಅಂಗಿಯನ್ನು ತೆಗೆದುಕೊಂಡು, ಕೊಡವಲು ಕೈಯೆತ್ತಿ, ಕೊಡವದೆ ಮಡಚಿದ.

ಆಮೇಲಿನದನ್ನು ಮಾಲೀಕ ಮಾಡಿದ. ಮೈಮೇಲಿನ ಧೂಳನ್ನು ಊದುವ ಬದಲು ಒಳಕ್ಕೆಳೆಯುವ ಮಷೀನು ಬಂತು, ಅದನ್ನು ಮಾಸ್ಕು ಹಾಕಿಕೊಂಡೇ ಉಪಯೋಗಿಸಬೇಕು. ಕೆಲಸದ ಬಟ್ಟೆ ಅಲ್ಲೇ ಬಿಟ್ಟು, ಅಲ್ಲೇ ಒಗೆಸಿ, ತೊಳೆದ ಮೈಯಲ್ಲಿ ಮನೆಗೆ ಹೋಗಬೇಕು. ಮಷೀನು ಒರೆಸಲು ಒದ್ದೆ ಬಟ್ಟೆ ಬಂತು, ಗಾಳಿಯ ಪೈಪು ಕಂಬದಿಂದ ಇಳಿಯಿತು. ಧೂಳು ಅಳೆಯುವವಳು ಮತ್ತೆ ಬಂದಾಗ ಪಂಪನ್ನು ಸೈರನ್ನಿಗೆ ಬಿಚ್ಚಿಸಲಿಲ್ಲ, ಗೇಟು ದಾಟುವ ತನಕ ಬಿಟ್ಟಳು. ಗೋಡೆಯಾಚೆ ಈಗ ಸೈರನ್ ಆದ ಮೇಲೆ ಒಂದು ಸಣ್ಣ ಗುಂಯ್ ಸದ್ದು, ನಲ್ಲಿಯ ನೀರು, ಬಾಗಿಲು ಹಾಕಿಕೊಳ್ಳುವ ಸದ್ದು, ಅಷ್ಟೇ. ಗೆರೆಯಣ್ಣ ಆ ಹೊತ್ತಿನಲ್ಲೂ ಗಿರಾಕಿಗಳ ಜೊತೆ ಮಾತು ಮುಂದುವರಿಸಬಲ್ಲವನಾದ. ಗೆದ್ದವನಿಗೆ ಆಗಬೇಕಾದ ಸಂತೋಷಕ್ಕಾಗಿ ಅವನು ಕಾದ. ಬರಲಿಲ್ಲ. ಮೊದಲು ಗೋಡೆಯಾಚೆ ಹೋಗಲಾಗದ ದುಃಖವಿತ್ತು, ಈಗ ಹೋಗಲು ಗೋಡೆಯಾಚೆ ಏನೂ ಉಳಿದಿರಲಿಲ್ಲ.

ಭಾವಮೈದನ ಎದೆಯ ಫೋಟೊ ಬಂದ ದಿನ ಅವನು ಅಕ್ಕನ ಮನೆಗೇ ಮೊದಲು ಬಂದ. ಏನೂ ಇಲ್ಲ, ಸ್ವಚ್ಛವಾಗಿದೆ ಎಂದು ಡಾಕ್ಟರು ಹೇಳಿದ್ದರು. ಅಕ್ಕ ಅವನ ತಲೆಗೆ ಮೊಟಕಿದಳು, ಅತ್ತಳು, ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದಳು. ಗೆರೆಯಣ್ಣ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ತನ್ನದರಲ್ಲಿದ್ದ ಬಿಳಿ ಚುಕ್ಕೆಗಳು ಅದರಲ್ಲಿ ಒಂದೂ ಇರಲಿಲ್ಲ. ಆಗ ಮಾತ್ರ ಅವನ ಎದೆಯಿಂದ ಭಾರ ಇಳಿಯಿತು, ಕಣ್ಣು ತುಂಬಿತು.

ಅವಳು ಲೋಟ ತೊಳೆಯಲು ಒಳಗೆ ಹೋದಳು. ಭಾವಮೈದ ಕುರ್ಚಿಯನ್ನು ಭಾವನ ಹತ್ತಿರಕ್ಕೆ ಎಳೆದುಕೊಂಡ. ಶೆಡ್ಡಿನ ಸುದ್ದಿ ಹೇಳಿದ. ಡೊಳ್ಳಣ್ಣ ಗಡ್ಡ ತೆಗೆದದ್ದು, ತೆಗೆದ ಮೇಲೆ ಅವನ ಹೆಂಡತಿಯೇ ಯಾರು ಬೇಕಾಗಿತ್ತು ಅಂತ ಕೇಳಿದ್ದು. ಪಾಲಿಶಿಗೆ ಒಬ್ಬ ಹೊಸಬ ಸೇರಿದ್ದು, ಒಳ್ಳೆಯ ಕೈ. ಆಮೇಲೆ ಹೇಳಿದ.

"ಕೆಲಸ ಮುಗಿದ ಮೇಲೆ ಯಾರೂ ಯಾರ ಜೊತೇನೂ ಮಾತಾಡಲ್ಲ ಭಾವ. ತೊಳ್ಕೊಂಡು ಹೋಗ್ತಿರ್ತಾರೆ. ಆ ಹೊಸಬ ಮೊನ್ನೆ ಕೇಳ್ದ, ಎಲ್ಲರೂ ಗಾಳಿ ಸ್ನಾನ ಗಾಳಿ ಸ್ನಾನ ಅಂತಿರ್ತೀರಲ್ಲ, ಹಂಗಂದ್ರೇನು ಅಂತ. ಏನು ಹೇಳ್ಲಿ?"

ಗೆರೆಯಣ್ಣ ಫೋಟೊವನ್ನು ಅದರ ಕವರಿನೊಳಗೆ ಹಾಕಿ ಭಾವಮೈದನ ಕೈಗೆ ಕೊಟ್ಟ. ಮಾತು ಹೊರಡಲು ಅವನಿಗೆ ಒಂದು ಉಸಿರು ಸಾಲದೆ ಇನ್ನೊಂದು ಎಳೆದುಕೊಳ್ಳಬೇಕಾಯಿತು.

"ಧೂಳು ಅಂತ ಹೇಳು. ನನಗಾದದ್ದು ಹೇಳು. ಆದ್ರೆ ಅದು ಎಷ್ಟು ಚೆನ್ನಾಗಿತ್ತು ಅಂತ ಮಾತ್ರ ಅವನಿಗೆ ಹೇಳ್ಬೇಡ."